ಮನುಷ್ಯದೇಹವನ್ನು ಬರೆಯಲು ಕಲಿಯುವ ಕ್ರಮ: ಎದುರುಬದುರು ಪುಟಗಳ ಸ್ಕೆಚ್‌ಬುಕ್ ಅಭ್ಯಾಸ

ಮನುಷ್ಯನ ಆಕೃತಿಯನ್ನು ಬರೆಯಲು ಕಲಿಯುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಅಂಗರಚನೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಮೂಳೆ, ಸ್ನಾಯುಗಳ ಚಿತ್ರಗಳನ್ನು ತಿಂಗಳುಗಟ್ಟಲೆ ನಕಲು ಮಾಡುತ್ತಾರೆ. ಇನ್ನು ಕೆಲವರು ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ ಕುಳಿತು ಕಂಡವರನ್ನೆಲ್ಲ ಬರೆಯುತ್ತ ಹೋಗುತ್ತಾರೆ. ಮೊದಲಿನವರ ಚಿತ್ರದಲ್ಲಿ ಪ್ರತಿ ಸ್ನಾಯುವೂ ಇರುತ್ತದೆ, ಆದರೆ ವ್ಯಕ್ತಿ ಕಾಲೂರಿ ನಿಂತಿರುವುದಿಲ್ಲ. ಎರಡನೆಯವರ ಚಿತ್ರದಲ್ಲಿ ಚಲನೆ ಇರುತ್ತದೆ, ಆದರೆ ತೋಳು ಮೈಗೆ ಎಲ್ಲಿ ಸೇರಿತು ಎಂದು ಹುಡುಕಿದರೆ ಸಿಗುವುದಿಲ್ಲ. ಈ ಎರಡು ಅಭ್ಯಾಸಗಳನ್ನೂ ಒಂದೇ ಸ್ಕೆಚ್‌ಬುಕ್ಕಿನ ಎದುರುಬದುರು ಪುಟಗಳಲ್ಲಿ ನಡೆಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ: ಬಲಪುಟದಲ್ಲಿ ಕಣ್ಣೆದುರಿನ ಮನುಷ್ಯ, ಎಡಪುಟದಲ್ಲಿ ಅದೇ ಭಂಗಿಯ ಒಳಗಿರುವ ಮೂಳೆ ಮತ್ತು ಸ್ನಾಯು. ಇಳಿಜಾರಿನಲ್ಲಿ ನಡೆಯುವ, ಏಣಿ ಹತ್ತುವ, ಬಾಗುವ, ಹೊರುವ ದೇಹಗಳು ಕೊಡಗಿನಲ್ಲಿ ವರ್ಷವಿಡೀ ಕಾಣಸಿಗುವುದರಿಂದ ಈ ಅಭ್ಯಾಸಕ್ಕೆ ಇಲ್ಲಿ ವಸ್ತುವಿನ ಕೊರತೆಯೇ ಇಲ್ಲ.

ಬಲಪುಟವನ್ನು ಮೊದಲು ತುಂಬಬೇಕು. ಎಡಪುಟವನ್ನು ಅದೇ ದಿನ ಸಂಜೆ, ಕಂಡದ್ದು ನೆನಪಿನಲ್ಲಿ ಇನ್ನೂ ಹಸಿಯಾಗಿರುವಾಗ ತುಂಬಬೇಕು. ಈ ಅನುಕ್ರಮವನ್ನು ಬದಲಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಯಾರನ್ನಾದರೂ ನೋಡಿ ಬರೆಯುವಾಗ ಕೈ ಎಲ್ಲಿ ತಡವರಿಸಿತೋ ಅಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ, ಮತ್ತು ಆ ಪ್ರಶ್ನೆಯನ್ನು ಇಟ್ಟುಕೊಂಡು ಪುಸ್ತಕ ತೆರೆದವರಿಗೆ ಮಾತ್ರ ಅಲ್ಲಿನ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ.

ಸಾಮಗ್ರಿ

ಎರಡು ಪುಟಗಳೂ ಒಟ್ಟಿಗೆ ಸಮನಾಗಿ ತೆರೆದುಕೊಳ್ಳಬೇಕಾದ್ದರಿಂದ ಹೊಲಿದು ಕಟ್ಟಿದ ಎ5 ಅಳತೆಯ ಪುಸ್ತಕ ಅನುಕೂಲ. ಕಾಗದ 120ರಿಂದ 150 ಜಿಎಸ್‌ಎಂ ಇದ್ದರೆ ಸಾಕು. ಒಂದು 2ಬಿ ಪೆನ್ಸಿಲ್, ಒಂದು ಕಪ್ಪು ಬಾಲ್‌ಪೆನ್, ತಿದ್ದುವುದಕ್ಕೆ ಒಂದು ಕೆಂಪು ಪೆನ್ಸಿಲ್ ಬೇಕು; ರಬ್ಬರನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು, ಏಕೆಂದರೆ ತಪ್ಪಿದ ಗೆರೆ ಪುಟದಲ್ಲಿ ಉಳಿದರೆ ಮುಂದಿನ ಗೆರೆಯನ್ನು ಅದಕ್ಕೆ ಹೋಲಿಸಿ ಎಳೆಯಬಹುದು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಇರುವುದರಿಂದ, ಅಲ್ಲಿ ಓದುವ ಪರಿಚಯದವರಿದ್ದರೆ ಅಂಗರಚನಾಶಾಸ್ತ್ರದ ಹಳೆಯ ಅಟ್ಲಾಸ್ ಒಂದನ್ನು ಎರವಲು ಕೇಳಬಹುದು. ಹತ್ತಿರದ ಶಾಲೆ ಅಥವಾ ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಅಸ್ಥಿಪಂಜರದ ಮಾದರಿಯಿದ್ದರೆ ಅದಂತೂ ಯಾವ ಅಟ್ಲಾಸಿಗಿಂತಲೂ ಮೇಲು. ಸುತ್ತಲೂ ನಡೆದು ನೋಡಬಹುದಾದ ಮೂಳೆ ಕಲಿಸುವುದನ್ನು ಮುದ್ರಿತ ಚಿತ್ರ ಕಲಿಸಲಾರದು.

ಚರ್ಮಕ್ಕೆ ತಾಗಿದ ಮೂಳೆಗಳು

ವಯಸ್ಕರ ದೇಹದಲ್ಲಿ 206 ಮೂಳೆಗಳಿವೆ. ಚಿತ್ರ ಬರೆಯುವವರಿಗೆ ಅವೆಲ್ಲವೂ ಸಮಾನವಾಗಿ ಮುಖ್ಯವಲ್ಲ. ಕೆಲವು ಕಡೆ ಮಾತ್ರ ಮೂಳೆಗೂ ಚರ್ಮಕ್ಕೂ ನಡುವೆ ಸ್ನಾಯು ಬರುವುದೇ ಇಲ್ಲ, ಮತ್ತು ಈ ಜಾಗಗಳು ವ್ಯಕ್ತಿ ತೆಳ್ಳಗಿರಲಿ ದಪ್ಪಗಿರಲಿ ಸ್ಥಾನ ಬಿಡುವುದಿಲ್ಲ. ಕೊರಳೆಲುಬು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೀಗೆ ಕಾಣುತ್ತದೆ. ಎದೆಯ ನಡುವಿನ ಚಪ್ಪಟೆ ಮೂಳೆ, ತಲೆ ಬಗ್ಗಿಸಿದಾಗ ಕತ್ತಿನ ಹಿಂಬದಿಯಲ್ಲಿ ಉಬ್ಬುವ ಏಳನೆಯ ಕಶೇರು (ಬೆನ್ನುಮೂಳೆಯ ಮಣಿ), ಬೆನ್ನಿನ ಹಲಗೆಲುಬಿನ ಮೇಲಿನ ಏಣು, ಮೊಣಕೈಯ ತುದಿ, ಸೊಂಟದ ಮುಂದಿನ ಎರಡು ಮೂಲೆಗಳು, ಮೊಣಕಾಲ ಚಿಪ್ಪು, ಮೊಣಕಾಲಿನಿಂದ ಕೆಳಗೆ ಕಾಲಿನ ಒಳಮುಖದ ಉದ್ದಕ್ಕೂ ಇಳಿಯುವ ಚಪ್ಪಟೆ ಭಾಗ, ಪಾದದ ಕೀಲಿನ ಎರಡೂ ಬದಿಯ ಗಂಟುಗಳು, ಇಷ್ಟನ್ನು ಮೊದಲ ತಿಂಗಳಲ್ಲಿ ಕಲಿತರೆ ಸಾಕು. ಪಾದದ ಗಂಟುಗಳಲ್ಲಿ ಒಳಬದಿಯದು ಮೇಲೆ, ಹೊರಬದಿಯದು ಕೆಳಗೆ ಇರುತ್ತದೆ. ಇದೊಂದನ್ನು ಸರಿಯಾಗಿ ಬರೆದರೆ ಪಾದ ನೆಲಕ್ಕೆ ಕೂತಂತೆ ಕಾಣುತ್ತದೆ.

ಇವನ್ನು ಪುಸ್ತಕದಿಂದ ಕಲಿಯುವ ಮೊದಲು ಸ್ವಂತ ಮೈಯಲ್ಲಿ ಬೆರಳಿಟ್ಟು ಹುಡುಕಬೇಕು. ಮೊಣಕೈಯ ತುದಿಯಿಂದ ಹೊರಟು ಬೆರಳನ್ನು ಕಿರುಬೆರಳ ಕಡೆಯ ಮಣಿಕಟ್ಟಿನವರೆಗೆ ಒತ್ತುತ್ತ ಸಾಗಿದರೆ ಮೂಳೆಯ ಒಂದೇ ಅಂಚು ಎಲ್ಲೂ ತಪ್ಪದೆ ಸಿಗುತ್ತದೆ. ಕೈ ಯಾವ ಭಂಗಿಯಲ್ಲಿದ್ದರೂ ಈ ಅಂಚನ್ನು ಮೊದಲು ಎಳೆದು, ಸ್ನಾಯುಗಳನ್ನು ಅದರ ಎರಡು ಬದಿಗೆ ಹೊಂದಿಸಬಹುದು. ಬಲಪುಟದ ಪ್ರತಿ ಚಿತ್ರದಲ್ಲೂ ಕಂಡ ಮೂಳೆಗಳಿಗೆ ಪುಟ್ಟ ಅಡ್ಡಗೆರೆಯ ಗುರುತು ಹಾಕುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು. ದಪ್ಪನೆಯವರಲ್ಲಿ ಮೊಣಕೈಯಂಥ ಜಾಗ ಉಬ್ಬುವ ಬದಲು ಕುಳಿಯಾಗಿ ಕಾಣಬಹುದು. ಉಬ್ಬಾಗಲಿ ಕುಳಿಯಾಗಲಿ, ಗುರುತು ಬೀಳುವ ಸ್ಥಳ ಒಂದೇ.

ಅಳತೆ

ತಲೆಯ ಎತ್ತರವನ್ನು ಅಳತೆಗೋಲಾಗಿ ಇಟ್ಟುಕೊಂಡರೆ ವಯಸ್ಕರ ದೇಹ ಸುಮಾರು ಏಳರಿಂದ ಏಳೂವರೆ ತಲೆಯಷ್ಟಾಗುತ್ತದೆ. ಎಂಟು ತಲೆ ಎಂಬುದು ಆದರ್ಶದ ಲೆಕ್ಕ. ವರ್ಷದ ಮಗುವಿನಲ್ಲಿ ಇದು ಸುಮಾರು ನಾಲ್ಕೇ ತಲೆ. ನಮ್ಮ ಶಿಲ್ಪಶಾಸ್ತ್ರದ ನವತಾಳದಲ್ಲಿ ದೇಹಕ್ಕೆ 9 ತಾಳ, ಅಂದರೆ 108 ಅಂಗುಲ ಹೇಳಿರುವುದನ್ನು ಓದಿ ಕೆಲವರು ಗೊಂದಲಕ್ಕೀಡಾಗುತ್ತಾರೆ. ಅಲ್ಲಿ ತಾಳವೆಂದರೆ ಕೂದಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದ. ನೆತ್ತಿಯಿಂದ ಅಳೆಯುವ ಪೂರ್ಣ ತಲೆಗಿಂತ ಅದು ಚಿಕ್ಕದು, ಆದ್ದರಿಂದಲೇ ಸಂಖ್ಯೆ ದೊಡ್ಡದಾಗುತ್ತದೆ. ದೇಹದ ನಟ್ಟನಡು ಬೀಳುವುದು ಹೊಕ್ಕುಳಲ್ಲಿ ಅಲ್ಲ, ಕಾಲುಗಳು ಕೂಡುವಲ್ಲಿ. ಕೈ ಇಳಿಬಿಟ್ಟಾಗ ಮಣಿಕಟ್ಟು ಕೂಡ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಬರುತ್ತದೆ. ಕಣ್ಣುಗಳು ತಲೆಯ ಎತ್ತರದ ಅರ್ಧದಲ್ಲಿರುತ್ತವೆ, ಆದರೆ ಹೊಸಬರು ಅವನ್ನು ಮೇಲಕ್ಕೆ ತಳ್ಳಿ ಹಣೆಯನ್ನು ತಿಂದುಬಿಡುತ್ತಾರೆ. ಈ ಲೆಕ್ಕಗಳೆಲ್ಲ ನಿಂತ ವ್ಯಕ್ತಿಯನ್ನು ಪರೀಕ್ಷಿಸಲು ಉಪಯುಕ್ತ. ಬಾಗಿದ ವ್ಯಕ್ತಿಯ ಮೇಲೆ ಇವನ್ನು ಹೇರಬಾರದು. ಅಲ್ಲಿ ಮೊಣಕೈ ನೇರವಾಗಿ ಚಾಚಿ, ಪೆನ್ಸಿಲನ್ನು ಹಿಡಿದು, ಒಂದು ಕಣ್ಣು ಮುಚ್ಚಿ ಅಳೆಯುವುದೊಂದೇ ದಾರಿ.

ಭಾರ ಯಾವ ಕಾಲಿನ ಮೇಲಿದೆ

ತಲೆಬುರುಡೆ, ಎದೆಗೂಡು, ಸೊಂಟದ ಮೂಳೆಗಳ ಬಟ್ಟಲು, ಈ ಮೂರು ಗಟ್ಟಿ ರಾಶಿಗಳು ತಮ್ಮೊಳಗೆ ಬಾಗುವುದಿಲ್ಲ. ಇವುಗಳ ನಡುವಿನ ಕತ್ತು ಮತ್ತು ನಡು ಮಾತ್ರ ಧಾರಾಳವಾಗಿ ಬಾಗಿ ತಿರುಗುತ್ತವೆ. ಒಬ್ಬರು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಭುಜ ಸಾಮಾನ್ಯವಾಗಿ ಕೆಳಗಿಳಿಯುತ್ತದೆ, ಮತ್ತು ಕತ್ತಿನ ಕುಳಿಯಿಂದ ಲಂಬವಾಗಿ ಇಳಿಬಿಟ್ಟ ಗೆರೆ ಭಾರ ಹೊತ್ತ ಪಾದದ ಹತ್ತಿರವೇ ನೆಲ ಮುಟ್ಟುತ್ತದೆ. ಚಿತ್ರದ ವ್ಯಕ್ತಿ ಬೀಳುವಂತೆ ಕಂಡರೆ ಮೊದಲು ಈ ಲಂಬಗೆರೆಯನ್ನು ಎಳೆದು ನೋಡಬೇಕು.

ಬಟ್ಟೆಯ ಮೇಲಿನಿಂದ ಸೊಂಟದ ಓರೆಯನ್ನು ಗುರುತಿಸುವುದು ಕಷ್ಟವೆಂದು ಅನೇಕರು ಹೇಳುತ್ತಾರೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ದಿನಗಳಲ್ಲಿ ಊರ ಬಯಲಾದ ಮಂದ್‌ನಲ್ಲಿ ಕೋಲಾಟ ನಡೆಯುವಾಗ ಆಟಗಾರರ ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಮೇಲೆ ನಡುವಿಗೆ ಕಟ್ಟಿದ ಚೇಲೆಯನ್ನು ಗಮನಿಸಿದರೆ ಆ ಕಷ್ಟ ಅರ್ಧದಷ್ಟು ಕಡಿಮೆಯಾಗುತ್ತದೆ. ಎದೆಗೂಡಿಗೂ ಸೊಂಟದ ಮೂಳೆಗೂ ನಡುವಿನ ಮೆತ್ತನೆಯ ಭಾಗವನ್ನು ಆ ಕೆಂಪು ಪಟ್ಟಿ ಸುತ್ತುವರಿದಿರುತ್ತದೆ, ಹೆಜ್ಜೆ ಬದಲಾದಂತೆಲ್ಲ ಅದರ ಓರೆಯೂ ಬದಲಾಗುತ್ತದೆ. ಮೂವತ್ತು ಸೆಕೆಂಡಿನ ಶೀಘ್ರಚಿತ್ರದಲ್ಲಿ ಚೇಲೆಯ ಓರೆ, ಭುಜದ ಓರೆ, ಭಾರದ ಕಾಲು, ಈ ಮೂರು ಗೆರೆಗಳಷ್ಟೇ ಬಂದರೂ ಭಂಗಿ ಬಂದಂತೆ. ಕೊಡವ ಹೆಂಗಸರ ಸೀರೆಯಲ್ಲಿ ನೆರಿಗೆ ಹಿಂಬದಿಗೆ ಬರುವುದರಿಂದ ಮುಂಭಾಗ ಸಪಾಟಾಗಿದ್ದು, ಹೆಜ್ಜೆಯಿಡುವಾಗ ಮುಂದೆ ಬಂದ ತೊಡೆಯ ಮುಖ ಸ್ಪಷ್ಟವಾಗಿ ತಿಳಿಯುತ್ತದೆ. ಮುಂದೆ ನೆರಿಗೆ ಬಿಟ್ಟು ಉಟ್ಟ ಸೀರೆಯಲ್ಲಿ ಇದು ಅಷ್ಟು ಸುಲಭವಾಗಿ ಕಾಣದು. ಓಟ ಮತ್ತು ತಿರುವಿನ ಭಂಗಿಗಳಿಗೆ ಬೇಸಿಗೆಯ ಕೊಡವ ಕೌಟುಂಬಿಕ ಹಾಕಿಯ ಮೈದಾನಕ್ಕಿಂತ ಉತ್ತಮ ಪಾಠಶಾಲೆಯಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಈ ಪಂದ್ಯಾವಳಿಯಲ್ಲಿ ಎಲ್ಲ ವಯಸ್ಸಿನ, ಎಲ್ಲ ಮೈಕಟ್ಟಿನ ಆಟಗಾರರೂ ಇರುತ್ತಾರೆ.

ಏಣಿಯ ಮೇಲಿನ ಭುಜ

ತೋಳು ಮುಂಡಕ್ಕೆ ಮೂಳೆಯ ಮೂಲಕ ಸೇರುವುದು ಒಂದೇ ಕಡೆ: ಎದೆಯ ನಡುಮೂಳೆಗೆ ಕೊರಳೆಲುಬು ಕೂಡುವಲ್ಲಿ. ಉಳಿದಂತೆ ಹಲಗೆಲುಬು ಪಕ್ಕೆಲುಬುಗಳ ಮೇಲೆ ಸ್ನಾಯುಗಳ ಹಿಡಿತದಲ್ಲಷ್ಟೇ ಜಾರಾಡುತ್ತಿರುತ್ತದೆ. ಕರಿಮೆಣಸಿನ ಕೊಯ್ಲಿನ ಕಾಲದಲ್ಲಿ ಸಿಲ್ವರ್ ಓಕ್ ಮರಕ್ಕೆ ಏಣಿ ಆನಿಸಿ ಮೇಲಿನ ಗೊಂಚಲಿಗೆ ಕೈ ಚಾಚಿದವರನ್ನು ಹಿಂಬದಿಯಿಂದ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ತೋಳು ಪೂರ್ತಿ ಮೇಲೆತ್ತುವ 180 ಡಿಗ್ರಿಯಲ್ಲಿ ಸುಮಾರು 120 ಡಿಗ್ರಿ ಭುಜದ ಕೀಲಿನದು, ಉಳಿದ 60 ಡಿಗ್ರಿಯಷ್ಟು ಹಲಗೆಲುಬು ತಿರುಗಿದ್ದರಿಂದ ಬಂದದ್ದು. ಆದ್ದರಿಂದ ಮೇಲೆತ್ತಿದ ತೋಳಿನ ಬದಿಯ ಹಲಗೆಲುಬಿನ ಕೆಳಮೂಲೆ ಹೊರಕ್ಕೆ, ಕಂಕುಳಿನ ಕಡೆಗೆ ಸರಿದಿರುತ್ತದೆ. ಇನ್ನೊಂದು ಬದಿಯದು ಬೆನ್ನುಮೂಳೆಯ ಹತ್ತಿರವೇ ಇರುತ್ತದೆ. ತೆಳುವಾದ ಅಂಗಿ ಬೆವರಿಗೆ ಅಂಟಿಕೊಂಡಾಗ ಈ ಎರಡು ಮೂಲೆಗಳ ವ್ಯತ್ಯಾಸ ಹಲವು ಹೆಜ್ಜೆ ದೂರದಿಂದಲೂ ಕಾಣುತ್ತದೆ. ಭುಜವನ್ನು ಹಾಗೆಯೇ ಇಟ್ಟು ತೋಳನ್ನು ಮಾತ್ರ ಮೇಲಕ್ಕೆ ತಿರುಗಿಸಿ ಬರೆದ ಚಿತ್ರ ಗೊಂಬೆಗೆ ಕೈ ಸಿಕ್ಕಿಸಿದಂತೆ ಕಾಣುವುದು ಈ ಕಾರಣಕ್ಕೇ.

ಅಂದಿನ ಎಡಪುಟದಲ್ಲಿ ಹಲಗೆಲುಬನ್ನು ತ್ರಿಕೋನವಾಗಿ ಎರಡು ಬಾರಿ ಬರೆಯಬೇಕು: ಕೈ ಇಳಿದಾಗ ಒಮ್ಮೆ, ಕೈ ಏರಿದಾಗ ಒಮ್ಮೆ. ಆಮೇಲೆ ಕಂಕುಳಿನ ಎರಡು ಗೋಡೆಗಳನ್ನು ಸೇರಿಸಬೇಕು. ಮುಂಗೋಡೆ ಎದೆಯ ದೊಡ್ಡ ಸ್ನಾಯುವಿನದು. ಹಿಂಗೋಡೆಯ ಬಹುಭಾಗ ಕೆಳಬೆನ್ನಿನಿಂದ ಹೊರಟು ಬರುವ ಅಗಲವಾದ ಸ್ನಾಯುವಿನದು. ಎರಡೂ ರಟ್ಟೆಯ ಮೂಳೆಯ ಮುಂಭಾಗಕ್ಕೇ ಅಂಟಿಕೊಳ್ಳುವುದರಿಂದ ಕೈ ಏರಿದಾಗ ಅವೂ ಹಿಗ್ಗಿ ತೋಳಿನೊಳಕ್ಕೆ ಹೊಕ್ಕಂತೆ ಕಾಣುತ್ತವೆ.

ಕಾಫಿ ಕೊಯ್ಯುವ ಮುಂಗೈ

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಅಂಗೈ ಮೇಲಾಗಿರುವಾಗ ಅವು ಸಮಾಂತರವಾಗಿರುತ್ತವೆ. ಅಂಗೈ ಕೆಳಗಾದರೆ ಹೆಬ್ಬೆರಳ ಕಡೆಯ ಮೂಳೆ ಇನ್ನೊಂದರ ಮೇಲೆ ಅಡ್ಡಹಾಯುತ್ತದೆ, ಕಿರುಬೆರಳ ಕಡೆಯದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ರೊಬಸ್ಟಾ ಕಾಫಿ ಗಿಡದ ರೆಂಬೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಹಣ್ಣನ್ನು ಸವರಿ ಎಳೆಯುವಾಗ ಈ ತಿರುವು ಮತ್ತೆ ಮತ್ತೆ ನಡೆಯುತ್ತದೆ. ಬೆರಳುಗಳನ್ನು ಮಡಚುವ ಮತ್ತು ಚಾಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಬೆರಳಿಗೆ ತಲುಪುವುದು ಅವುಗಳ ರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ ಮಾತ್ರ. ಹಾಗಾಗಿ ಹಣ್ಣು ಕಿತ್ತ ಪ್ರತಿ ಸಲವೂ ಮೊಣಕೈಯ ಹತ್ತಿರ ಮಾಂಸಖಂಡ ಅಲುಗುತ್ತದೆ, ಮಣಿಕಟ್ಟಿನಲ್ಲಿ ರಜ್ಜುಗಳು ಬಿಗಿಯುತ್ತವೆ. ಮುಂಗೈಯ ಅಡ್ಡಕೊಯ್ತ ಮೊಣಕೈಯ ಬಳಿ ದುಂಡಗೆ, ಮಣಿಕಟ್ಟಿನ ಬಳಿ ಚಪ್ಪಟೆಯಾಗಿರುತ್ತದೆಂಬುದನ್ನು ಎಡಪುಟದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಬೇಕು.

ದುಡಿಯುತ್ತಿರುವವರನ್ನು ಬರೆಯುವ ಮೊದಲು ಅನುಮತಿ ಕೇಳುವುದು ಕಡ್ಡಾಯ. "ಅಕ್ಕ, ನೀವು ಕೊಯ್ಯುವಾಗ ಕೈಯ ಚಿತ್ರ ಬರೆದುಕೊಳ್ಳಲೇ? ಮುಖ ಬರೆಯುವುದಿಲ್ಲ" ಎಂದು ಕೇಳಿದರೆ ಸಾಕು, ಬೇಡವೆಂದರೆ ಪುಸ್ತಕ ಮುಚ್ಚಬೇಕು. ತೋಟದ ಮಾಲೀಕರ ಒಪ್ಪಿಗೆ ಸಿಕ್ಕಿತೆಂದರೆ ಕೆಲಸಗಾರರ ಒಪ್ಪಿಗೆಯೂ ಸಿಕ್ಕಿತೆಂದು ಅರ್ಥವಲ್ಲ. ಬರೆದಾದ ಮೇಲೆ ಪುಟವನ್ನು ಅವರಿಗೆ ತೋರಿಸುವುದು ಸೌಜನ್ಯ ಮಾತ್ರವಲ್ಲ, ಕೈಯ ಹಿಡಿತ ತಪ್ಪಾಗಿದ್ದರೆ ಅದನ್ನು ಹೇಳಬಲ್ಲವರು ಅವರೇ.

ಮಳೆಗಾಲದ ಅಭ್ಯಾಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕೂತು ಬರೆಯುವುದು ಅಸಾಧ್ಯವಾದ್ದರಿಂದ ಈ ತಿಂಗಳುಗಳನ್ನು ಕೈ ಮತ್ತು ಪಾದಕ್ಕೆ ಮೀಸಲಿಡಬೇಕು. ಒಂದು ಕೈಯಲ್ಲಿ 27, ಒಂದು ಪಾದದಲ್ಲಿ 26 ಮೂಳೆಗಳಿವೆ, ಎಂದರೆ ಎರಡೆರಡು ಕೈಕಾಲುಗಳಲ್ಲೇ ಇಡೀ ದೇಹದ ಅರ್ಧಕ್ಕಿಂತ ಹೆಚ್ಚು ಮೂಳೆಗಳು ಸೇರಿಕೊಂಡಿವೆ. ಬಿಡುವಾಗಿರುವ ಸ್ವಂತ ಕೈ ಮತ್ತು ಒಂದು ಕನ್ನಡಿ ಈ ಪಾಠಕ್ಕೆ ಸಾಕು. ಗಾಳಿಯ ತೇವ ಹೀರಿ ಕಾಗದ ಮೆತ್ತಗಾಗುವುದರಿಂದ ಗಟ್ಟಿ ಪೆನ್ಸಿಲ್ ಅದನ್ನು ಗೀರುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ; 4ಬಿ ಪೆನ್ಸಿಲ್ ಅಥವಾ ಬಾಲ್‌ಪೆನ್ ಬಳಸಿ, ಪುಸ್ತಕವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಇಲ್ಲವಾದರೆ ಪುಟಗಳಿಗೆ ಬೂಷ್ಟು ಹಿಡಿಯುತ್ತದೆ.

ದಿನಕ್ಕೆ ಅರ್ಧ ಗಂಟೆ ಸಾಕೆಂಬುದು ನನ್ನ ಎಣಿಕೆ: ಮೂವತ್ತು ಸೆಕೆಂಡಿನ ಹಲವು ಭಂಗಿಗಳು, ಒಂದು ದೀರ್ಘ ಚಿತ್ರ, ಉಳಿದದ್ದು ಎಡಪುಟಕ್ಕೆ. ವಾರಕ್ಕೊಮ್ಮೆ ಹೊಸದೇನನ್ನೂ ನೋಡದೆ, ಆ ವಾರ ಕಲಿತ ಭಾಗವನ್ನು ನೆನಪಿನಿಂದಲೇ ಬರೆದು, ನಂತರ ಅಟ್ಲಾಸಿನೊಡನೆ ಹೋಲಿಸಿ, ತಪ್ಪಿದ್ದನ್ನು ಕೆಂಪು ಪೆನ್ಸಿಲಿನಲ್ಲಿ ಅದರ ಮೇಲೆಯೇ ತಿದ್ದಬೇಕು. ಮುಂದಿನ ವಾರ ಯಾವ ಅಂಗವನ್ನು ಹಿಡಿಯಬೇಕೆಂಬುದನ್ನು ಆ ಪುಟದಲ್ಲಿ ಕೆಂಪು ಎಲ್ಲಿ ದಟ್ಟವಾಗಿದೆಯೋ ಅದನ್ನು ನೋಡಿ ತೀರ್ಮಾನಿಸಬಹುದು.