ಲೀಡ್ ಅಲ್ಲ, ಹಳೆ ಬೂತ್ ನೋಡಿ: ಎಣಿಕೆ ದಿನದ ನನ್ನ ಲೆಕ್ಕ

ಕಾರ್ಕಳದಲ್ಲಿ 4,602. ಪುತ್ತೂರಿನಲ್ಲಿ 4,149. 2023ರ ವಿಧಾನಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳನ್ನು ತುದಿಗಾಲಲ್ಲಿ ನಿಲ್ಲಿಸಿದ ಗೆಲುವಿನ ಅಂತರಗಳು ಇವು. ಎಣಿಕೆ ಅರ್ಧ ಮುಗಿಯುವ ಹೊತ್ತಿಗೆ ನನ್ನ ಲೆಕ್ಕದ ಹಾಳೆ ಎರಡನ್ನೂ ಹೆಚ್ಚುಕಮ್ಮಿ ಹೇಳಿಯಾಗಿತ್ತು. ಮಂಗಳೂರಿನ ಒಂದು ಸಣ್ಣ ಕೇಬಲ್ ವಾಹಿನಿಯ ಡೆಸ್ಕಿನಲ್ಲಿ ಕೂತು ಮಾಡಿದ ಕೆಲಸ. "ಕಣಿ ಹೇಳೋದು ಬಿಟ್ಟು ಟಿಕ್ಕರ್ ಟೈಪ್ ಮಾಡು ಮಾರಾಯ" ಎಂದವರೇ ಈಗ ಫೋನ್ ಮಾಡಿ ಹಾಳೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ಒಣಗಿತು. ಅದಕ್ಕೆ ಒಮ್ಮೆ ಬರೆದು ಬಿಡುತ್ತೇನೆ.

ಎಣಿಕೆ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಹದಿನಾಲ್ಕು ಟೇಬಲ್. ಒಂದು ಸುತ್ತಿಗೆ ಹದಿನಾಲ್ಕು ಬೂತ್, ಅದೂ ಮತಗಟ್ಟೆಯ ಕ್ರಮಸಂಖ್ಯೆಯ ಪ್ರಕಾರ. ಮೊದಲ ಸುತ್ತಿನಲ್ಲಿ 1ರಿಂದ 14, ಎರಡನೆಯದರಲ್ಲಿ 15ರಿಂದ 28. ಹಾಗಿದ್ದ ಮೇಲೆ ಮೂರನೇ ಸುತ್ತಿನಲ್ಲಿ ಯಾರು ಮುಂದಿದ್ದಾರೆ ಎಂಬುದು ಆ ಊರುಗಳು ಯಾರ ಕಡೆಯವು ಎಂಬುದನ್ನಷ್ಟೇ ಹೇಳುತ್ತದೆ. ಗೆಲ್ಲುವವರು ಯಾರು ಅಂತ ಅಲ್ಲ. ಆದರೂ ನಾವೆಲ್ಲ ಬೆಳಿಗ್ಗೆಯಿಂದ "ಭಾರೀ ಮುನ್ನಡೆ, ಭಾರೀ ಹಿನ್ನಡೆ" ಅಂತ ಕೂಗುತ್ತಿರುತ್ತೇವೆ, ಅಲ್ವಾ?

ನಾನು ಮಾಡಿದ್ದು ಇಷ್ಟೇ. ಹಿಂದಿನ ಚುನಾವಣೆಯ ಫಾರ್ಮ್ 20, ಅಂದರೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಎಂಬ ಅಧಿಕೃತ ಪಟ್ಟಿ, ತೆಗೆದು, ಅದೇ ಹದಿನಾಲ್ಕು ಬೂತುಗಳಲ್ಲಿ ಆಗ ಯಾರಿಗೆ ಎಷ್ಟು ಬಿದ್ದಿತ್ತು ಎಂದು ಸುತ್ತುವಾರು ಕೂಡಿಟ್ಟುಕೊಂಡೆ. ಎಣಿಕೆ ದಿನ ಪ್ರತಿ ಸುತ್ತಿನ ಅಂಕಿ ಬಂದ ಕೂಡಲೇ ಹಳೆಯದರ ಪಕ್ಕ ಇಟ್ಟು ಕಳೆಯುವುದು. ಆ ವ್ಯತ್ಯಾಸವನ್ನು ಇನ್ನೂ ಎಣಿಸದ ಬೂತುಗಳ ಮೇಲೆ ಹಾಕುವುದು. 2008ರಿಂದ ಕ್ಷೇತ್ರಗಳ ಗಡಿ ಬದಲಾಗಿಲ್ಲವಾದ್ದರಿಂದ ಹೋಲಿಕೆಗೆ ತೊಂದರೆ ಇಲ್ಲ.

ಕಾರ್ಕಳದ ಲೆಕ್ಕ ನೋಡಿ. 2018ರಲ್ಲಿ ಅಲ್ಲಿ ಬಿಜೆಪಿಯ ಸುನಿಲ್ ಕುಮಾರ್ ಗೆದ್ದ ಅಂತರ 42,566. ಹದಿನೈದರ ಆಸುಪಾಸು ಸುತ್ತು ಅಂದುಕೊಂಡರೆ ಸುತ್ತಿಗೆ ಸರಾಸರಿ 2,800 ಲೀಡ್. ಅಂದರೆ 2023ರಲ್ಲಿ ಹಳೆ ಲೀಡಿಗಿಂತ ಸುತ್ತಿಗೆ 2,800ರೊಳಗೆ ಕುಸಿದರೆ ಸೀಟು ಉಳಿಯುತ್ತದೆ, ದಾಟಿದರೆ ಹೋಗುತ್ತದೆ. ನಾನು ನೋಡುತ್ತಿದ್ದದ್ದು ಆ ಒಂದೇ ಗೆರೆಯನ್ನು. ಯಾರು ಮುಂದೆ, ಯಾರು ಹಿಂದೆ ಎಂಬ ಗಲಾಟೆಗೆ ತಲೆ ಕೊಡಲಿಲ್ಲ. ಕುಸಿತ ಎರಡೂವರೆ ಸಾವಿರದ ಹತ್ತಿರವೇ ಆಡುತ್ತಿತ್ತು. ಆರನೆಯದೋ ಏಳನೆಯದೋ ಸುತ್ತು ಮುಗಿದಾಗ ಹಾಳೆ ಹೇಳಿದ್ದು: ಬಿಜೆಪಿ, ಮೂರರಿಂದ ಏಳು ಸಾವಿರ. ಸಂಪಾದಕರು ಹಾಳೆ ನೋಡಿದರು, ನನ್ನ ಮುಖ ನೋಡಿದರು, "ತೀವ್ರ ಪೈಪೋಟಿ ಅಂತಲೇ ಹಾಕಿ" ಎಂದರು. ಪೈಪೋಟಿ ಹೌದೇ ಹೌದು. ಕಾಂಗ್ರೆಸ್ಸಿನ ಉದಯ್ ಶೆಟ್ಟಿ ಮುನಿಯಾಲು ಅವರಿಗೆ 72,426 ಮತ. ಹಿಂದಿನ ಸಲ ಆ ಪಕ್ಷಕ್ಕೆ ಅಲ್ಲಿ ಸಿಕ್ಕಿದ್ದು 48,679. ಅಷ್ಟು ದೊಡ್ಡ ಸ್ವಿಂಗ್ ಆದರೂ ಗೆರೆಯ ಈಚೆಗೇ ನಿಂತಿತು.

ಪುತ್ತೂರು ನನ್ನ ತಲೆ ತಿಂದ ಕ್ಷೇತ್ರ. 2018ರಲ್ಲಿ ಅಲ್ಲಿ ನೇರ ಹಣಾಹಣಿ, ಬಿಜೆಪಿ 19,477 ಮತಗಳಿಂದ ಗೆದ್ದಿತ್ತು. 2023ರಲ್ಲಿ ಬಿಜೆಪಿಯಿಂದ ಬಂಡಾಯ ಎದ್ದು ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತರು. ಹಳೆ ಹಾಳೆಯಲ್ಲಿ ಅವರ ಹೆಸರೇ ಇಲ್ಲ. ಇನ್ನು ಯಾವುದರಿಂದ ಯಾವುದನ್ನು ಕಳೆಯುವುದು? ಮೊದಲು ಸುಮ್ನೆ ಬಿಜೆಪಿಯ ಹಳೆ ಮತವನ್ನು ಅರ್ಧರ್ಧ ಮಾಡಿ ನೋಡಿದೆ. ಹಾಳೆ ಹುಚ್ಚುಹುಚ್ಚಾಗಿ ಹೇಳತೊಡಗಿತು. ಆಮೇಲೆ ಬಿಜೆಪಿ, ಪುತ್ತಿಲ ಇಬ್ಬರನ್ನೂ ಒಂದೇ ಗಂಟು ಮಾಡಿದೆ. ಮೊದಲು ಗಂಟಿಗೆ ಎಷ್ಟು, ಕಾಂಗ್ರೆಸ್ಸಿಗೆ ಎಷ್ಟು ಎಂಬ ಲೆಕ್ಕ. ಅದಾದ ಮೇಲೆ ಗಂಟಿನೊಳಗೆ ಯಾರಿಗೆ ಎಷ್ಟು ಎಂಬ ಲೆಕ್ಕ. ಈ ಎರಡನೆಯದು ಪುತ್ತೂರು ಪೇಟೆ, ಉಪ್ಪಿನಂಗಡಿ ಬದಿ, ವಿಟ್ಲದ ಬದಿ ಅಂತ ಬೇರೆಬೇರೆ ಮಾಡಿದರೆ ಮಾತ್ರ ಕೂರುತ್ತದೆ. ಯಾವ ಬೂತನ್ನು ಯಾವ ಬದಿಗೆ ಸೇರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ನನ್ನ ಹತ್ತಿರವೇ ಇರಲಿ.

ಕೊನೆಗೆ ಏನಾಯಿತು ನೋಡಿ. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ 66,607, ಪುತ್ತಿಲ 62,458, ಬಿಜೆಪಿಯ ಆಶಾ ತಿಮ್ಮಪ್ಪ 37,558. ಗಂಟು ಕೂಡಿದರೆ ಒಂದು ಲಕ್ಷ ದಾಟುತ್ತದೆ, 2018ರಲ್ಲಿ ಬಿಜೆಪಿ ಪಡೆದ 90,073ಕ್ಕಿಂತ ಜಾಸ್ತಿ. ಕಾಂಗ್ರೆಸ್ ಸೋತಾಗ ಪಡೆದದ್ದು 70,596. ಗೆದ್ದಾಗ ಅದಕ್ಕಿಂತ ಕಮ್ಮಿ! "ಕಾಂಗ್ರೆಸ್ ಅಲೆ" ಅಂತ ಆ ದಿನ ಸಂಜೆ ಭಾಷಣ ಮಾಡಿದ ವಿಶ್ಲೇಷಕರಿಗೆ ಈ ಎರಡು ಅಂಕಿ ತೋರಿಸಬೇಕಿತ್ತು. ಅಂತರ ನಾಲ್ಕು ಸಾವಿರ ಚಿಲ್ಲರೆ ಎಂದು ನನ್ನ ಹಾಳೆ ಹೇಳಿದಾಗ ಡೆಸ್ಕಿನಲ್ಲಿ ನಗು. ಸಂಜೆ ಯಾರೂ ನಗಲಿಲ್ಲ.

ಎಲ್ಲ ಕಡೆ ಹೀಗೆ ಬರಲಿಲ್ಲ. ಬಂಟ್ವಾಳದಲ್ಲಿ ಹನ್ನೊಂದು ಸಾವಿರ ಅಂದಿದ್ದೆ, ಬಂದದ್ದು 8,282. ಗೆದ್ದವರು ಸರಿ, ಅಂತರ ಸಡಿಲ. ಕಾಪು ಪರವಾಗಿಲ್ಲ.

ಇನ್ನು ಕಷ್ಟದ ಕತೆ. ಇದು ಒಂದೇ ಸಲಕ್ಕೆ ಕೂಡಿಬಂದದ್ದಲ್ಲ. 2018ರಲ್ಲೂ ಮಾಡಿದ್ದೆ, 2013ರ ಅಂಕಿ ಇಟ್ಟುಕೊಂಡು. ನಾಲ್ಕನೇ ಸುತ್ತಿಗೆ ಬರುವಾಗ ಎಲ್ಲ ಅಡ್ಡಾದಿಡ್ಡಿ. ಕಾರಣ ಸಣ್ಣದು. ಐದು ವರ್ಷದಲ್ಲಿ ಹೊಸ ಬೂತ್ ಸೇರುತ್ತವೆ, ಕೆಲವು ಒಡೆಯುತ್ತವೆ. 40ನೇ ಬೂತ್ ಅಂದರೆ ಹಳೆ 40 ಅಲ್ಲ, ಹಳೆ 37. ಅಲ್ಲಿಂದ ಮುಂದೆ ಎಲ್ಲವೂ ಜಾರುತ್ತದೆ. ಸಂಖ್ಯೆ ನಂಬಬಾರದು, ಶಾಲೆಯ ಹೆಸರು ನೋಡಿ ಜೋಡಿಸಬೇಕು. ಅದರಲ್ಲೂ ಗೋಳು. ಪಟ್ಟಿಯಲ್ಲಿ "ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್ ಹಿರಿಯ ಪ್ರಾಥಮಿಕ ಶಾಲೆ, ಪೂರ್ವ ಭಾಗ" ಅಂತ ಇರುತ್ತದೆ, ಊರವರನ್ನು ಕೇಳಿದರೆ "ಬೋರ್ಡು ಶಾಲೆಯಾ?" ಅನ್ನುತ್ತಾರೆ. ಒಂದೇ ಶಾಲೆಯಲ್ಲಿ ಪೂರ್ವ ಭಾಗ, ಪಶ್ಚಿಮ ಭಾಗ, ಉತ್ತರ ಭಾಗ. ಮತದಾರರ ಪಟ್ಟಿಯ ಮನೆ ನಂಬರು ಹಿಡಿದು ಯಾವ ಭಾಗ ಎಲ್ಲಿಗೆ ಹೋಯಿತು ಅಂತ ಹುಡುಕಬೇಕು. ಕಣ್ಣು ಹೋಗುವ ಕೆಲಸ.

ಹಾಗೆ ನೋಡಿದರೆ 2018ರಲ್ಲಿ ಲೆಕ್ಕ ಸರಿ ಇದ್ದರೂ ಯಾರೂ ಗಮನಿಸುತ್ತಿರಲಿಲ್ಲ. ದಕ್ಷಿಣ ಕನ್ನಡದ ಎಂಟು ಕ್ಷೇತ್ರಗಳಲ್ಲಿ 2013ರಲ್ಲಿ ಏಳು ಕಾಂಗ್ರೆಸ್ಸಿಗೆ, 2018ರಲ್ಲಿ ಏಳು ಬಿಜೆಪಿಗೆ. ಅಂಥ ಗಾಳಿಯಲ್ಲಿ ಯಾರ ಬಾಯಿಗೆ ಬಂದದ್ದೂ ನಿಜವಾಗುತ್ತದೆ.

ದುಡ್ಡಿನ ವಿಷಯ ಹೇಳಲೇಬೇಕು. ಫಾರ್ಮ್ 20 ಸಿಗುವುದು ಸ್ಕ್ಯಾನ್ ಮಾಡಿದ ಪಿಡಿಎಫ್. ಕೆಲವು ಪುಟ ಓರೆ, ಕೆಲವು ಮಸುಕು. ಸಾಫ್ಟ್‌ವೇರಿಗೆ ಕೊಟ್ಟು ನೋಡಿದೆ, 6 ಇದ್ದದ್ದು 8 ಆಯಿತು, 1 ಇದ್ದದ್ದು 7 ಆಯಿತು. ಅದನ್ನು ತಿದ್ದುವುದಕ್ಕಿಂತ ಕೈಯಲ್ಲೇ ಹೊಡೆಸುವುದು ವಾಸಿ. ಎರಡೂ ಜಿಲ್ಲೆ ಸೇರಿ ಹದಿಮೂರು ಕ್ಷೇತ್ರ, ಕ್ಷೇತ್ರಕ್ಕೆ ಇನ್ನೂರು ಚಿಲ್ಲರೆ ಬೂತ್. ಕಾಲೇಜು ಮಕ್ಕಳಿಬ್ಬರಿಗೆ ಸಾಲಿಗೆ ಎರಡು ರೂಪಾಯಿಯಂತೆ ಕೊಟ್ಟೆ, ಐದಾರು ಸಾವಿರ. ಮತ್ತೊಬ್ಬರಿಂದ ತಾಳೆ ನೋಡಿಸಿದ್ದಕ್ಕೆ ಎರಡು ಮೂರು ಸಾವಿರ. ಬಾಡಿಗೆ ಲ್ಯಾಪ್‌ಟಾಪ್, ಎಣಿಕೆ ಕೇಂದ್ರಗಳಿಂದ ಅಂಕಿ ಕಳಿಸಲು ಸುರತ್ಕಲ್ ಎನ್‌ಐಟಿಕೆಯಲ್ಲಿ ಒಬ್ಬ, ಉಡುಪಿಯ ಸೇಂಟ್ ಸಿಸಿಲಿ ಶಾಲೆಯಲ್ಲಿ ಒಬ್ಬಳು, ಅವರ ಓಡಾಟ, ಊಟ, ಡೇಟಾ. ಎಲ್ಲ ಸೇರಿ ಇಪ್ಪತ್ತು ಸಾವಿರದ ಮೇಲೆ ಹೋಯಿತು. ಆಫೀಸು ಕೊಟ್ಟದ್ದು ಎಂಟು. ಉಳಿದದ್ದು ನನ್ನ ಕಿಸೆಯಿಂದ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ತಾಳೆ ನೋಡುವ ಖರ್ಚು ಮಾತ್ರ ಉಳಿಸಲು ಹೋಗಬೇಡಿ. ಪ್ರತಿ ಅಭ್ಯರ್ಥಿಯ ಕೊನೆಯ ಒಟ್ಟು ಮೊತ್ತ ಫಾರ್ಮಿನಲ್ಲೇ ಇರುತ್ತದೆ. ನಿಮ್ಮ ಕಾಲಂ ಕೂಡಿದಾಗ ಅಷ್ಟೇ ಬರದಿದ್ದರೆ ಎಲ್ಲೋ ಒಂದು ಸಾಲು ಹಾಳು.

ಬೇರೆ ಪ್ರಯೋಗಗಳನ್ನೂ ಮಾಡಿದೆ. 2019ರ ಲೋಕಸಭೆಯ ಬೂತ್ ಅಂಕಿ ಹಾಕಿದರೆ ಹೇಗೆ? ಬೂತ್ ಸಂಖ್ಯೆ ಹೊಸ ಪಟ್ಟಿಗೆ ಹತ್ತಿರ ಇರುವುದರಿಂದ ಜೋಡಿಸುವ ಕೆಲಸ ಕಮ್ಮಿ. ಆದರೆ ಉಪಯೋಗವಿಲ್ಲ. ದಕ್ಷಿಣ ಕನ್ನಡದಲ್ಲಿ ಆ ಸಲ ಅಂತರ 2.74 ಲಕ್ಷ. ಲೋಕಸಭೆಗೆ ಜನ ಓಟು ಹಾಕುವ ರೀತಿಯೇ ಬೇರೆ. ಮತದಾನದ ದಿನ ಎರಡೆರಡು ಗಂಟೆಗೆ ಬರುವ ಶೇಕಡಾವಾರು ಇಟ್ಟುಕೊಂಡೂ ನೋಡಿದೆ, ಬೆಳಿಗ್ಗೆ ಜಾಸ್ತಿ ಬಿದ್ದರೆ ಯಾರಿಗೆ ಲಾಭ ಅಂತ. ಯಾರಿಗೂ ಇಲ್ಲ. ಎಲ್ಲಕ್ಕಿಂತ ಮಜಾ ಅಂದರೆ ಗರ್ನಾಲು ಲೆಕ್ಕ. ಎಣಿಕೆಯ ಹಿಂದಿನ ದಿನ ಯಾರ ಕಡೆಯವರು ಪಟಾಕಿ ಜಾಸ್ತಿ ಕೊಂಡಿದ್ದಾರೆ ಅಂತ ಪರಿಚಯದ ಅಂಗಡಿಯಲ್ಲಿ ಕೇಳಿದೆ. "ಎರಡೂ ಕಡೆಯವರು ಕೊಂಡಿದ್ದಾರೆ, ಸೋತವರು ನಾಡಿದ್ದು ವಾಪಸ್ ತರುತ್ತಾರೆ" ಎಂದರು ಅಂಗಡಿಯವರು.

ಈ ವಿಧಾನಕ್ಕೆ ಮಿತಿ ಇದೆ. 2023ರ ಅದೇ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ 16 ಮತದಲ್ಲಿ ತೀರ್ಮಾನವಾಯಿತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಮತ. ಅಲ್ಲಿ ನನ್ನ ಹಾಳೆಯನ್ನು ಮಡಚಿ ಗಾಳಿ ಹಾಕಿಕೊಳ್ಳಬಹುದು ಅಷ್ಟೇ. ಸಾವಿರದೊಳಗಿನ ಅಂತರ ಬಂದರೆ ಅಂಚೆ ಮತ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಿ. ತೊಂದರೆಯಿಂದ ಎಣಿಸದೆ ಬದಿಗಿಟ್ಟ ಮತಯಂತ್ರ ಇದೆಯಾ ಅಂತಲೂ ಕೇಳಿಕೊಳ್ಳಿ.

ಮೊದಲ ಎರಡು ಸುತ್ತಿಗೆ ಎಷ್ಟು ಬೆಲೆ ಕೊಡಬೇಕು, ನಂತರದ್ದಕ್ಕೆ ಎಷ್ಟು ಎಂದು ತುಂಬಾ ಜನ ಕೇಳಿದರು. ಅದಕ್ಕೊಂದು ಸೂತ್ರ ಇದೆ. ಹೇಳಲ್ಲ. ನೀವೇ 2018 ಮತ್ತು 2023ರ ಫಾರ್ಮ್ 20 ಇಳಿಸಿಕೊಂಡು ನಿಮ್ಮ ಕ್ಷೇತ್ರವನ್ನು ಮತ್ತೊಮ್ಮೆ ಸುತ್ತುವಾರು ಎಣಿಸಿ ನೋಡಿ, ಸಿಗುತ್ತದೆ.

ಕ್ಷೇತ್ರಗಳ ಮರುವಿಂಗಡಣೆ ಆದರೆ ಈ ಹಾಳೆಗಳೆಲ್ಲ ರದ್ದಿಗೆ. ಅಲ್ಲಿಯವರೆಗೆ ಹದಿಮೂರು ಕ್ಷೇತ್ರದ ಮೂರು ಚುನಾವಣೆಯ ಅಂಕಿ, ಬೂತ್ ಜೋಡಿಸಿದ್ದು, ನನ್ನ ಹತ್ತಿರ ಇದೆ. ಬೇಕಿದ್ದವರು ಕೇಳಿ. ಪುಕ್ಕಟೆ ಮಾತ್ರ ಕೊಡುವುದಿಲ್ಲ, ಹನ್ನೆರಡು ಸಾವಿರ ಇನ್ನೂ ವಸೂಲಾಗಬೇಕಿದೆ.