ಅಕ್ಷರ ಬಿದ್ದುಹೋದಲ್ಲಿ ಯಾವ ಗುರುತು?

ಅಕ್ಷರ ಲೋಪವಾದ ಕಡೆ ಅಪಾಸ್ಟ್ರಫಿ (’) ಹಾಕುವುದು ಇಂಗ್ಲಿಷಿನ ಪದ್ಧತಿ. ಕನ್ನಡ ಟೈಪಿಂಗಿಗೂ ಅದು ನುಸುಳಿದೆ. ನಮ್ಮಲ್ಲಿ ಅದರ ಅಗತ್ಯ ಬೀಳುವುದು ಅಪರೂಪ.

ಮೊದಲು ಸಂಧಿ ನೋಡಿ. “ಮಾತು ಇಲ್ಲ” ಕೂಡಿದರೆ “ಮಾತಿಲ್ಲ”, “ಬೇರೆ ಒಬ್ಬ” ಕೂಡಿದರೆ “ಬೇರೊಬ್ಬ”. ಬಿದ್ದ ಸ್ವರದ ಜಾಗದಲ್ಲಿ ಮುಂದಿನ ಸ್ವರ ಕೂತಾಯಿತು, ಗುರುತೇಕೆ? ಲೋಪದಿಂದ ಅರ್ಥ ಕೆಡುವಂತಿದ್ದರೆ ಮಾತ್ರ ತಡೆಯಿರಿ: “ಗುರನ್ನು” ಅಲ್ಲ, “ಗುರುವನ್ನು”.

ಸಂಭಾಷಣೆಯ “ಮಾಡ್ಬೇಕು”, “ಹೇಳ್ತೀನಿ”ಗಳಲ್ಲಿ ಒತ್ತಕ್ಷರವೇ ಲೋಪವನ್ನು ತೋರಿಸುತ್ತದೆ.

ನಿಜವಾದ ತೊಡಕು ಎರವಲು ಪದಗಳದು. “ಬ್ಯಾಂಕ್” ಬರೆದು “ನಲ್ಲಿ” ಸೇರಿಸಿದರೆ ನಕಾರ ಒತ್ತಾಗಿ ಕೆಳಗಿಳಿದು “ಬ್ಯಾಂಕ್ನಲ್ಲಿ” ಆಗುತ್ತದೆ. ಇದನ್ನು ತಪ್ಪಿಸಲು ಹಲವರು “ಬ್ಯಾಂಕ್'ನಲ್ಲಿ” ಎಂದು ಬರೆಯುತ್ತಾರೆ. ಇಲ್ಲಿ ಯಾವ ಅಕ್ಷರವೂ ಬಿದ್ದಿಲ್ಲ! ಮೇಲಾಗಿ ಆ ಪದ ಒಂಟಿ ಉದ್ಧರಣ ಚಿಹ್ನೆಯ ಒಳಗಿದ್ದರೆ ಉದ್ಧರಣೆ ಅಲ್ಲಿಗೇ ಮುಗಿಯಿತೆಂದು ಓದುಗ ತಿಳಿಯುತ್ತಾನೆ. ಸುಲಭದ ದಾರಿ “ಬ್ಯಾಂಕಿನಲ್ಲಿ”. ಅರ್ಧಾಕ್ಷರವೇ ಬೇಕಿದ್ದರೆ, ಒತ್ತು ಮೂಡದಂತೆ ತಡೆಯುವ ಅದೃಶ್ಯ ಅಕ್ಷರವೊಂದಿದೆ, ಝಡ್‌ಡಬ್ಲ್ಯೂಎನ್‌ಜೆ. ಕೀಲಿಮಣೆಯಲ್ಲಿ ಅದು ಸಿಗದಿದ್ದರೆ ಮೈಕ್ರೊಸಾಫ್ಟ್ ವರ್ಡ್‌ನಲ್ಲಿ ಕಕಾರದ ಅರ್ಧಾಕ್ಷರ ಮುಗಿದ ತಕ್ಷಣ ಇಂಗ್ಲಿಷಿಗೆ ಬದಲಿಸಿ, 200ಸಿ ಎಂದು ಒತ್ತಿ, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಅಂಕಿಗಳು ಮಾಯವಾಗುತ್ತವೆ. ಮತ್ತೆ ಕನ್ನಡಕ್ಕೆ ಬಂದು “ನಲ್ಲಿ” ಬರೆದರೆ “ಬ್ಯಾಂಕ್‌ನಲ್ಲಿ” ಮೂಡುತ್ತದೆ.

ಲೋಪಕ್ಕೆಂದೇ ನಮ್ಮ ಲಿಪಿಯಲ್ಲಿ ಒಂದು ಚಿಹ್ನೆ ಇದೆ: ಅವಗ್ರಹ, ಽ. ಸಂಸ್ಕೃತದಲ್ಲಿ ಪದಾಂತ್ಯದ ಏ, ಓಗಳ ಮುಂದೆ ಅಕಾರ ಬಿದ್ದಾಗ ಬರೆಯುವುದು ಇದನ್ನೇ: “ನಮಃ ಅಸ್ತು” ಕೂಡಿ “ನಮೋಽಸ್ತು”, “ತೇ ಅಪಿ” ಕೂಡಿ “ತೇಽಪಿ”. ಶ್ಲೋಕ ಟೈಪ್ ಮಾಡುವವರು ಇಂಗ್ಲಿಷಿನ ಎಸ್ ಒತ್ತಿ ಕೈತೊಳೆದುಕೊಳ್ಳುವುದುಂಟು. ನೋಟಕ್ಕೇನೋ ಹೋಲುತ್ತದೆ, ಆದರೆ ಹುಡುಕಿದಾಗ ಆ ಪದ ಸಿಗುವುದಿಲ್ಲ, ಫಾಂಟ್ ಬದಲಾದರೆ ಬಣ್ಣ ಬಯಲಾಗುತ್ತದೆ. ಅವಗ್ರಹದ ಸಂಕೇತ 0ಸಿಬಿಡಿ, ವರ್ಡ್‌ನಲ್ಲಿ ವಿಧಾನ ಅದೇ.

ಅಪಾಸ್ಟ್ರಫಿಗೆ ನ್ಯಾಯವಾಗಿ ಜಾಗವಿರುವುದು ಇಸವಿಯ ಮೊದಲೆರಡು ಅಂಕಿ ಬಿಟ್ಟಾಗ: ’90ರ ದಶಕ. ಅಂಕಿ ಬಿದ್ದದ್ದು ಎಡಗಡೆ, ಗುರುತೂ ಅಲ್ಲೇ. ವರ್ಡ್ ಇದನ್ನು ಆರಂಭದ ಉದ್ಧರಣ ಚಿಹ್ನೆಯೆಂದು ತಿಳಿದು ತಿರುಗಿಸಿಬಿಡುತ್ತದೆ. ಆ ಕೀಯನ್ನು ಎರಡು ಸಲ ಒತ್ತಿ, ಮೊದಲನೆಯದನ್ನು ಅಳಿಸಿ.