ಆಫ್ರಿಕಾದ ಸಾಹಿತ್ಯಕ್ಕೊಂದು ವಾರ: ನನ್ನ ಪಟ್ಟಿ ಹೀಗಿತ್ತು

ಮೇ 25 ಆಫ್ರಿಕಾ ದಿನ. 1963ರಲ್ಲಿ ಅದೇ ದಿನ ಅಡಿಸ್ ಅಬಾಬಾದಲ್ಲಿ ಆಫ್ರಿಕನ್ ಏಕತಾ ಸಂಘಟನೆ ಹುಟ್ಟಿತು. ಆ ದಿನ ಬರುವ ವಾರವನ್ನು ಪೂರ್ತಿ ಆಫ್ರಿಕಾದ ಲೇಖಕರಿಗೇ ಮೀಸಲಿಡಬೇಕು ಅಂತ ಕೂತಾಗ, ದೇಶಕ್ಕೊಂದು ಪುಸ್ತಕ ಓದುವ ಆಸೆಯನ್ನು ಮೊದಲೇ ಕೈಬಿಟ್ಟೆ. 54 ದೇಶಗಳ ಖಂಡ ಅದು. ನನಗೆ ಸಿಗುವುದು ಸಂಜೆ ಕೆಲಸ ಮುಗಿದ ಮೇಲಿನ ಹೊತ್ತು, ಜೊತೆಗೆ ಭಾನುವಾರ. ಹಾಗಾಗಿ ತೆಳು ಪುಸ್ತಕಗಳನ್ನೇ ಆರಿಸಿದೆ. ಕೀನ್ಯಾದ ಗೂಗಿ ವಾ ಥಿಯಾಂಗೊ ಅವರ ‘ಪೆಟಲ್ಸ್ ಆಫ್ ಬ್ಲಡ್’ನಂಥ ದಪ್ಪ ಕಾದಂಬರಿಯನ್ನು ಮಳೆಗಾಲಕ್ಕೆ ಎತ್ತಿಟ್ಟೆ.

ಯಾವುದನ್ನು ಓದಬೇಕು ಅನ್ನುವುದಕ್ಕಿಂತ ಯಾವುದರ ನಂತರ ಯಾವುದು ಅನ್ನುವುದಕ್ಕೇ ಹೆಚ್ಚು ತಲೆ ಕೆಡಿಸಿಕೊಂಡೆ.

ಭಾನುವಾರಕ್ಕೆ ನೈಜೀರಿಯಾದ ಚಿನುವಾ ಅಚೆಬೆ. 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’ನ ಮೊದಲ ಭಾಗದಲ್ಲಿ 13 ಅಧ್ಯಾಯಗಳಿವೆ, ಅದನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸಬೇಕು. ಉಮುವೋಫಿಯಾದ ಗೆಣಸಿನ ಬೇಸಾಯ, ಬಿತ್ತನೆಗೆ ಮುಂಚಿನ ಶಾಂತಿಯ ವಾರ, ಮುಖವಾಡ ತೊಟ್ಟ ಹಿರಿಯರ ನ್ಯಾಯಪಂಚಾಯ್ತಿ ಎಲ್ಲ ಬರುವುದು ಅಲ್ಲೇ. ಆ ಊರಲ್ಲಿ ಒಂದಿಡೀ ದಿನ ಇದ್ದು ಬಂದವರಿಗೆ ಮಾತ್ರ ಆಮೇಲೆ ಮಿಷನರಿಗಳು ಕಾಲಿಟ್ಟಾಗ ಎದೆ ಝಲ್ಲೆನ್ನುತ್ತದೆ. ಉಳಿದ ಅಧ್ಯಾಯಗಳು ಸೋಮವಾರಕ್ಕೆ. ಕಥಾನಾಯಕ ಒಕೊಂಕ್ವೋನ ಇಡೀ ಬದುಕು ತನ್ನ ಪುಸ್ತಕದಲ್ಲಿ ಒಂದು ಪ್ಯಾರಾ ಆದರೆ ಸಾಕು ಅಂತ ಜಿಲ್ಲಾ ಕಮಿಷನರ್ ಲೆಕ್ಕ ಹಾಕುವ ಕೊನೆಯ ಪುಟ ಓದಿದ ರಾತ್ರಿ ಬೇರೇನನ್ನೂ ಓದುವ ಹಾಗಿರಲಿಲ್ಲ.

ಅದಾದ ಮೇಲೆ ಬೇಕೆಂದೇ ಹೆಣ್ಣುಮಕ್ಕಳ ದನಿಗೆ ಹೊರಳಿದೆ. ಸೆನೆಗಲ್‌ನ ಮರಿಯಾಮಾ ಬಾ ಫ್ರೆಂಚಿನಲ್ಲಿ ಬರೆದ, 1979ರಲ್ಲಿ ಬಂದ ‘ಸೋ ಲಾಂಗ್ ಎ ಲೆಟರ್’ ನೂರು ಪುಟದ ಆಸುಪಾಸಿನ ಪುಸ್ತಕ. ಗಂಡ ಸತ್ತ ಸೂತಕದಲ್ಲಿ ಕೂತ ರಾಮತುಲಾಯಿ ಗೆಳತಿಗೆ ಬರೆಯುವ ಪತ್ರವೇ ಕಾದಂಬರಿ. ಆ ಗಂಡ ಮಗಳ ಸಹಪಾಠಿಯನ್ನೇ ಎರಡನೇ ಮದುವೆಯಾಗಿದ್ದವನು. ಸತ್ತ ನಲವತ್ತನೇ ದಿನಕ್ಕೆ ಗಂಡನ ಸೋದರ ಬಂದು, ನಿನ್ನನ್ನು ನಾನೇ ಮದುವೆಯಾಗುತ್ತೇನೆ ಅನ್ನುತ್ತಾನೆ. ಮೂವತ್ತು ವರ್ಷ ನುಂಗಿಕೊಂಡದ್ದನ್ನೆಲ್ಲ ಅವಳು ಅವನ ಮುಖದ ಮೇಲೆ ಹೇಳುವ ಆ ಪುಟಗಳನ್ನು ಗಟ್ಟಿಯಾಗಿ ಓದಿಕೊಂಡೆ. ಅದರ ಬೆನ್ನಿಗೇ ಬೆಸ್ಸಿ ಹೆಡ್ ಕಟ್ಟಿಕೊಟ್ಟ ಬೋಟ್ಸ್ವಾನಾ ಹಳ್ಳಿಯ ಕಥೆಗಳು. ‘ದ ಕಲೆಕ್ಟರ್ ಆಫ್ ಟ್ರೆಷರ್ಸ್’ನ ಡಿಕೆಲೆಡಿ ಗಂಡನನ್ನು ಕೊಂದು ಜೈಲಿಗೆ ಬಂದರೆ, ಅದೇ ಕಾರಣಕ್ಕೆ ಬಂದ ಹೆಂಗಸರು ಅಲ್ಲಿ ಆಗಲೇ ಇರುತ್ತಾರೆ. ಈ ಎರಡು ಪುಸ್ತಕಗಳನ್ನು ಬಿಡಿಬಿಡಿಯಾಗಿ ಓದಬೇಡಿ ಅನ್ನುವುದು ನನ್ನ ಕಳಕಳಿಯ ಮಾತು.

ಶುಕ್ರವಾರ, ಶನಿವಾರಕ್ಕೆ ಸುಡಾನಿನ ತಯ್ಯಿಬ್ ಸಾಲಿಹ್. ‘ಸೀಸನ್ ಆಫ್ ಮೈಗ್ರೇಷನ್ ಟು ದ ನಾರ್ತ್’ ಅರಬ್ಬಿಯಲ್ಲಿ ಬಂದದ್ದು 1966ರಲ್ಲಿ. ನೈಲ್ ದಂಡೆಯ ಹಳ್ಳಿಯಲ್ಲಿ, ಲಂಡನ್ನಿನಲ್ಲಿ ಬಾಳಿ ಬಂದ ಮುಸ್ತಫಾ ಸಯೀದ್ ಬೀಗ ಹಾಕಿಟ್ಟ ಕೋಣೆಯ ತುಂಬ ಪುಸ್ತಕ. ಒಂದೂ ಅರಬ್ಬಿಯದಲ್ಲ, ಕುರಾನ್ ಕೂಡ ಇಂಗ್ಲಿಷಿನಲ್ಲಿ!

ಗೂಗಿಯವರ ‘ಡೀಕಲನೈಸಿಂಗ್ ದ ಮೈಂಡ್’ನ ಮೊದಲ ಪ್ರಬಂಧವನ್ನು ಕೊನೆಗಿಟ್ಟುಕೊಂಡೆ. ಅದನ್ನು ಮೊದಲು ಓದಿಸುವವರೇ ಹೆಚ್ಚು. ಆದರೆ ಅಚೆಬೆಯ ಇಂಗ್ಲಿಷನ್ನೂ ಆ ಬೀಗದ ಕೋಣೆಯನ್ನೂ ನೋಡಿ ಬಂದ ಮೇಲೆ, ಆಫ್ರಿಕಾದ ಲೇಖಕರು ತಮ್ಮ ನುಡಿಗಳಲ್ಲೇ ಬರೆಯಬೇಕು ಅನ್ನುವ ಅದರ ವಾದಕ್ಕೆ ಮೈ ಬರುತ್ತದೆ. ಗೂಗಿ ಓದಿದ ಶಾಲೆಯ ಹತ್ತಿರ ತಾಯ್ನುಡಿ ಗಿಕುಯು ಮಾತಾಡಿ ಸಿಕ್ಕಿಬಿದ್ದ ಮಕ್ಕಳಿಗೆ ಛಡಿ ಏಟು, ಇಲ್ಲವೇ ‘ನಾನು ಕತ್ತೆ’ ಅಂತ ಬರೆದ ಲೋಹದ ಫಲಕ ಕೊರಳಿಗೆ. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆ ಬೆಳೆದ ಗೂಗಿ ಆಮೇಲೆ ಕೀನ್ಯಾದ ಕಮಿಟಿ ಎಂಬ ಊರಿನ ಜೈಲಿನಲ್ಲಿ ಶೌಚದ ಕಾಗದದ ಮೇಲೆ ಇಡೀ ಕಾದಂಬರಿಯನ್ನು ಬರೆದದ್ದು ಗಿಕುಯುವಿನಲ್ಲೇ.

ಪುಸ್ತಕ ಹೊಂದಿಸಲು ವಾರಗಟ್ಟಲೆ ಮುಂಚೆಯೇ ಹೊರಡಿ. 1962ರಲ್ಲಿ ಶುರುವಾದ ಹೈನೆಮನ್ ಪ್ರಕಾಶನದ ಆಫ್ರಿಕನ್ ಲೇಖಕರ ಮಾಲೆಯ ಹಳೇ ಪ್ರತಿಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತವೆ. ಕಿತ್ತಳೆ ಬಣ್ಣದ ಬೆನ್ನು ನೋಡಿ ಹುಡುಕಿ. ಮುಂದಿನ ಸಲಕ್ಕೆ ನೈಜೀರಿಯಾದ ಲೇಖಕಿಯರನ್ನಷ್ಟೇ ಹಿಡಿಯುವ ಮನಸ್ಸಿದೆ. ಫ್ಲೋರಾ ನ್ವಾಪಾ ಅವರ ‘ಎಫುರು’ವಿನಿಂದ ಆರಂಭಿಸಿ, ಬುಚಿ ಎಮೆಚೆಟಾ ಅವರ ‘ದ ಜಾಯ್ಸ್ ಆಫ್ ಮದರ್‌ಹುಡ್’ಗೆ ವಾರದ ಅರ್ಧ ಬಿಟ್ಟುಕೊಡುವುದು.